ಹಾಲೆಮರದ ತೊಗಟೆ, ಹಾನಗಲ್ಲಿನ ಸಾರಾಯಿ

ಆಡೂರು, ತಾಲೂಕು ಹಾನಗಲ್
ತಾ. ೩-೧೧-೧೯೪೩

ದೂರವಿದ್ದೂ ಮನೆತುಂಬ ಇರುವ ನಿಮಗೆ, ನಿಮ್ಮ ವೀರವ್ವನ ಶರಣುಗಳು.

ಆರೋಗ್ಯ ಹೇಗಿದೆ? ಹಿಂಡಲಗಿ ಜೈಲಿನಲ್ಲಿ ಈಗಾಗಲೇ ಚಳಿ ಹಿಡಿದಿದೆಯೆಂದು ಬಿಡುಗಡೆಯಾಗಿ ಬಂದವರು ಹೇಳಿದರು. ಕೊಟ್ಟ ಕಂಬಳಿಯನ್ನು ಪಕ್ಕದವರಿಗೆ ಹೊದಿಸಿ ನೀವು ಬರಿನೆಲದ ಮೇಲೆ ಮಲಗಿರುತ್ತೀರಿ, ನಿಮ್ಮ ಗುಣ ನನಗೆ ಗೊತ್ತಿಲ್ಲವೇ? ಕೆಮ್ಮು ಕಡಿಮೆಯಾಯಿತೇ? ಇಲ್ಲಿ ದೀಪ ಹಚ್ಚುವ ಹೊತ್ತಿಗೆ ದಾರಿಯಲ್ಲಿ ಯಾರು ಕೆಮ್ಮಿದರೂ ನನ್ನ ಕೈ ತಾನಾಗಿ ಇನ್ನೊಂದು ರೊಟ್ಟಿಗೆ ಹಿಟ್ಟು ತೆಗೆಯುತ್ತದೆ. ಆಮೇಲೆ ಆ ರೊಟ್ಟಿ ಎಮ್ಮೆಯ ಪಾಲು. ನಿಮ್ಮ ಹೆಸರಿನಲ್ಲಿ ಎಮ್ಮೆಯೊಂದು ಮೈ ತುಂಬಿಕೊಂಡಿದೆ. ಈ ಕಾಗದವನ್ನು ಮೊದಲು ಜೈಲಿನ ಸಾಹೇಬರು ಓದುತ್ತಾರಂತೆ. ಓದಲಿ, ಎಮ್ಮೆಯ ಸುದ್ದಿ ಅವರಿಗೂ ತಿಳಿಯಲಿ.

ಈ ಸಲ ಮಳೆ ನಿಂತದ್ದೇ ತಡ, ಊರಿಗೆ ಊರೇ ಚಳಿಜ್ವರದಲ್ಲಿ ಮಲಗಿತು. ಹಾನಗಲ್ಲಿನ ದವಾಖಾನೆಯಲ್ಲಿ ಕ್ವಿನೈನು ಇಲ್ಲ, ಇದ್ದದ್ದೆಲ್ಲ ಯುದ್ಧಕ್ಕೆ ಹೋಗುತ್ತದಂತೆ. ಅತ್ತೆಯವರಿಗೂ ಜ್ವರ ಹಿಡಿಯಿತು. ಗಾಬರಿಯಾಗಬೇಡಿ, ಪೂರ್ತಿ ಓದಿ. ಒಂದು ದಿನ ಬಿಟ್ಟು ಒಂದು ದಿನ ಮೈ ಗಡಗಡ ನಡುಗುತ್ತದೆ, ಮನೆಯ ಕಂಬಳಿಗಳನ್ನೆಲ್ಲ ಹೊದಿಸಿದರೂ ನಿಲ್ಲುವುದಿಲ್ಲ. ನೆಲಬೇವಿನ ಕಷಾಯ ಕೊಟ್ಟರೆ ಅರ್ಧ ಲೋಟ ಒಳಗೆ ಹೋಗುವಷ್ಟರಲ್ಲಿ ವಾಂತಿ. ಮಗಳ ಬಾಣಂತನಕ್ಕೆಂದು ತಡಸದಿಂದ ಬಂದಿರುವ ಸೂಲಗಿತ್ತಿ ಉಡಚವ್ವ ಅದನ್ನು ನೋಡಿ, “ಕಷಾಯ ಹೊಟ್ಟ್ಯಾಗ ನಿಲ್ಲವಲ್ದು ಅಂದ್ರ ಅರ್ಕಾ ಮಾಡಬೇಕವ್ವಾ. ಹಾಲಿಮರದ ತೊಗಟಿ, ನೆಲಬೇವು ಸಾರಾಯ್ದಾಗ ನೆನಿ ಹಾಕು. ನೀರಿಗೆ ಬಿಡಲಾರದ ಕಸುವು ಅದಕ್ಕ ಬಿಡತೈತಿ. ಒಂದೀಟು ಹನಿ ನೀರಾಗ ಹಾಕಿ ಕೊಟ್ರ ಸಾಕು” ಎಂದಳು. ದವಾಖಾನೆಯ ಟಿಂಚರು ಕೂಡ ಹೀಗೆಯೇ ಆಗುವುದಂತೆ.

ಸಾರಾಯಿ ಬಿಡಿರೆಂದು ಅಂಗಡಿಯ ಬಾಗಿಲಿಗೆ ಅಡ್ಡ ಮಲಗಿ ಲಾಠಿ ತಿಂದು ಜೈಲು ಸೇರಿದವರ ಹೆಂಡತಿ ನಾನು. ನಿಮ್ಮನ್ನು ಕೇಳೋಣವೆಂದರೆ ಎಲ್ಲಿ ಕೇಳಲಿ? ಅತ್ತೆಯವರ ಕೈ ಹಿಡಿದರೆ ಬಳೆ ಮೊಣಕೈತನಕ ಜಾರುತ್ತಿತ್ತು. ಕೊನೆಗೆ ಸೆರಗು ತಲೆಯ ಮೇಲೆ ಎಳೆದುಕೊಂಡು ಹಾನಗಲ್ಲಿಗೆ ನಡೆದೆ.

ಅದೇ ಅಂಗಡಿ, ಅದೇ ಮೈಲಾರಪ್ಪ. ನನ್ನನ್ನು ಕಂಡು ಗಲ್ಲೆಯಿಂದ ಎದ್ದು ನಿಂತ. “ಅವ್ವಾರ, ಹಿತ್ತಲ ಬಾಗಲಕ ಬರ್ರಿ. ಇಲ್ಲಿ ಮಂದಿ ನೋಡ್ತಾರ” ಎಂದ. ನನಗೆ ಎಲ್ಲಿಂದ ಧೈರ್ಯ ಬಂತೋ! “ನಮ್ಮ ಮನಿಯವರು ಮುಂದಿನ ಬಾಗಲದಾಗ ಮಲಗಿದ್ರು. ನಾ ಹಿತ್ತಲದಾಗ ಯಾಕ ಬರ್ಲಿ? ಔಷಧಕ್ಕ ಬೇಕಾಗೇತಿ, ಇಲ್ಲೇ ಕೊಡ್ರಿ” ಎಂದೆ. ಕುಡಿಯಲು ಬಂದವರು ಒಬ್ಬೊಬ್ಬರಾಗಿ ಹೊರಗೆ ಸರಿದರು. ಆತ ಒಳಗಿನಿಂದ ಬೇರೆ ಸೀಸೆ ತಂದು, ನಾಲ್ಕು ಹನಿ ಕಲ್ಲಿನ ಮೇಲೆ ಚೆಲ್ಲಿ ಕಡ್ಡಿ ಗೀರಿ ತೋರಿಸಿದ. ನೀಲಿ ಉರಿ ಎದ್ದಿತು. “ನೀರು ಬೆರಸಿದ್ದಲ್ರಿ ಇದು. ಯಜಮಾನ್ರಿಗೆ ಬರಿಯೂ ಮುಂದ, ಮೈಲಾರಪ್ಪ ಕೇಳ್ಯಾನಂತ ಬರೀರಿ” ಎಂದ. ಬರೆದಿದ್ದೇನೆ.

ತೊಗಟೆಯನ್ನು ನೆರಳಿನಲ್ಲಿ ಒಣಗಿಸಿ, ಜಜ್ಜಿ, ನೆಲಬೇವಿನೊಡನೆ ಭರಣಿಗೆ ತುಂಬಿ, ಮುಳುಗುವಷ್ಟು ಸಾರಾಯಿ ಸುರಿದು ಬಾಯಿ ಕಟ್ಟಿದೆ. ದಿನವೂ ಅಲುಗಿಸುತ್ತ ಒಂದು ಪಕ್ಷ ಕಾದೆ. ನೀರಿನಂತಿದ್ದದ್ದು ಕಾಕಂಬಿಯ ಬಣ್ಣಕ್ಕೆ ತಿರುಗಿತು. ಸೋಸಲು ದಟ್ಟ ಬಟ್ಟೆ ಬೇಕಿತ್ತು. ನಿಮ್ಮ ಹಳೆಯ ಖಾದಿ ಧೋತರದ ಅಂಚನ್ನು ಹರಿದೆ, ಹರಿಯುವ ಮೊದಲು ಸ್ವಲ್ಪ ಹೊತ್ತು ಮುಖಕ್ಕೆ ಒತ್ತಿಕೊಂಡಿದ್ದೆ. ನಿಮ್ಮ ವಾಸನೆ ಹೋಗಿಬಿಟ್ಟಿದೆ, ಬರೀ ಪೆಟ್ಟಿಗೆಯ ವಾಸನೆ. ಅಂದು ಒಲೆಯ ಮುಂದೆ ಕುಳಿತು ಬಹಳ ಅತ್ತುಬಿಟ್ಟೆ.

ಮೊದಲು ನಾನೇ ಕುಡಿದೆ, ಅಷ್ಟರಲ್ಲಿ ನನಗೂ ಅದೇ ಜ್ವರ ಹಿಡಿದಿತ್ತು. ಕಹಿಯೆಂದರೆ ಕಹಿ, ಆದರೆ ಹೊಟ್ಟೆಯಲ್ಲಿ ನಿಂತಿತು. ನಾಲ್ಕನೆಯ ಸರದಿಗೆ ಚಳಿ ಬರಲೇ ಇಲ್ಲ. ಉಡಚವ್ವನ ಅಳಿಯನೂ ಎದ್ದು ಕಬ್ಬಿಗೆ ನೀರು ಹಾಯಿಸಲು ಹೋಗುತ್ತಿದ್ದಾನೆ. ಆದರೆ ಅತ್ತೆಯವರು ಬಟ್ಟಲನ್ನು ಕೈಯಿಂದ ದೂಡಿದರು. “ಇದನ್ನ ಬಿಡ್ರಿ ಅಂತ ಮಂದಿ ಕಾಲ ಹಿಡದು ನನ್ನ ಮಗ ಜೈಲಿಗೆ ಹೋಗ್ಯಾನ. ಅವನ ತಾಯಿ ಇದನ್ನ ಕುಡದು ಬದುಕಲೇನು?” ಎಂದು ಕೊರಳಿನ ಲಿಂಗ ಹಿಡಿದುಕೊಂಡು ಗೋಡೆಯ ಕಡೆ ತಿರುಗಿದರು. ನೀವು ಬೇಡವೆಂದರೆ ಭರಣಿಯನ್ನು ತಿಪ್ಪೆಗೆ ಸುರಿಯುತ್ತೇನೆ. ಕುಡಿಯಲಿ ಎಂದರೆ ನಿಮ್ಮ ಕೈಬರಹದಲ್ಲಿ ಒಂದೇ ಗೆರೆ ಬರೆಯಿರಿ. ಅವರು ಕೇಳುವುದು ನಿಮ್ಮ ಮಾತೊಂದನ್ನೇ. ನನಗೂ ಆ ಗೆರೆ ಬೇಕು, ಅದರಲ್ಲಿ ಏನಿದ್ದರೂ ಸರಿ.

ಕಂಬಳಿ ನೀವೇ ಹೊದೆಯಿರಿ. ಮನೆದೇವರು ವೀರಭದ್ರ ನಿಮ್ಮ ಬೆನ್ನಿಗಿರಲಿ.

ನಿಮ್ಮ ದಾರಿ ನೋಡುವ,
ವೀರವ್ವ

ತಾ. ಕ. ಲಕೋಟೆ ಅಂಟಿಸುವಷ್ಟರಲ್ಲಿ ಅತ್ತೆಯವರು, “ಚನ್ನವೀರಗ ಏನ ಬರದಿ, ಓದು” ಎಂದರು. ಒಂದಕ್ಷರ ಬಿಡದೆ ಓದಿದೆ. ಗೋಡೆಯ ಕಡೆಯಿಂದ ಈಚೆ ಹೊರಳಿ, “ಅವ ಹೂಂ ಅಂತಾನೋ ಊಹೂಂ ಅಂತಾನೋ, ಅದನ್ನ ಕೇಳಾಕರೆ ನಾ ಜೀವಂತ ಇರಬೇಕಲ್ಲ? ಅವನ ಕಾಗದ ಬರೂತನಕಾ ಕುಡೀತೇನಿ, ತಾ” ಎಂದರು. ಈಗಷ್ಟೇ ಕುಡಿದು, ಮುಖ ಕಿವುಚಿ, ನನ್ನನ್ನು ಬೈದು ಮಲಗಿದ್ದಾರೆ. ವಾಂತಿಯಾಗಿಲ್ಲ. ಹೀಗಾಗಿ, ನಿಮ್ಮ ಅಕ್ಷರ ಕಾಣದೆ ನನ್ನ ಜೀವ ಎಷ್ಟು ಹಾತೊರೆದರೂ ಕೈ ಮುಗಿದು ಕೇಳುತ್ತೇನೆ: ಈ ತಿಂಗಳು ಉತ್ತರ ಬರೆಯಬೇಡಿ.