ಅಳಿಸಿದ ಎರಡು ವರ್ಷ

ಸೆಪ್ಟೆಂಬರ್ 3, ಬುಧವಾರ, ಬೆಳಿಗ್ಗೆ

ಎದುರು ಮನೆಯಲ್ಲಿ ಯಾರದೋ ಹುಟ್ಟುಹಬ್ಬ. ಹುಟ್ಟುಹಬ್ಬಕ್ಕೆ ಎಲ್ಲರೂ ಮಾಡುವಂತೆ ಅಂಗಳದಲ್ಲಿ ಬಾವುಟ ಏರಿಸಿದ್ದಾರೆ. ಗಾಳಿಗೆ ಅದು ಕಂಬಕ್ಕೆ ಸುತ್ತಿಕೊಳ್ಳುತ್ತಲೇ ಇದೆ. ಮನೆಯಾಕೆ ಪೈಜಾಮದಲ್ಲೇ ಬಂದು ಮೂರು ಸಲ ಬಿಡಿಸಿ ಹೋದಳು. ಮೂರನೇ ಸಲ ಬೈದದ್ದು ಕಿಟಕಿ ಮುಚ್ಚಿದ್ದರೂ ಕೇಳಿಸಿತು.

ರೈ ಬ್ರೆಡ್, ಕಾಫಿ. ಹತ್ತಕ್ಕೆ ನಿರುದ್ಯೋಗ ನಿಧಿಯ ಕಚೇರಿಗೆ ಹೋಗಬೇಕು. ಸಲಹೆಗಾರ ಪ್ರೇಬೆನ್ ನನ್ನ ಸಿವಿ ನೋಡುತ್ತಾನಂತೆ.

ಅದೇ ದಿನ, ಮಧ್ಯಾಹ್ನ

ನೋಡಿದ. ಕನ್ನಡಕ ಹಣೆಗೇರಿಸಿ ನನ್ನನ್ನೂ ನೋಡಿದ.

"ಮಾರೆನ್, ಇದೇನಿದು? ಐದು ಜನ ಸೇರ್ಕೊಂಡು ಒಂದೇ ಅರ್ಜಿ ಹಾಕಿದ ಹಾಗಿದೆ."

ಬೆರಳಿಟ್ಟು ಒಂದೊಂದೇ ಸಾಲು ಓದತೊಡಗಿದ.

"ಸಾಹಿತ್ಯದಲ್ಲಿ ಎಂ.ಎ. ಸರಿ. ಓದುವಾಗ ಪುಸ್ತಕದಂಗಡೀಲಿ ಕೆಲಸ. ಅದೂ ಸರಿ. ಆಮೇಲೆ ಸ್ಮಶಾನದಲ್ಲಿ ಮಾಲಿ?"

"ಚರ್ಚಿನದು. ಹದಿನಾಲ್ಕು ತಿಂಗಳು."

"ಆಮೇಲೆ ಜಲ್ಲಿ ಲಾರಿ?"

"ಹತ್ತು ತಿಂಗಳು."

"ಸನ್ನೆ ಭಾಷೆ, ಹಕ್ಕಿ ಎಣಿಸೋದು, ಪುಸ್ತಕಕ್ಕೆ ರಟ್ಟು ಕಟ್ಟೋದು... ಕೆಲಸ ಹುಡುಕ್ತಿದೀಯೋ, ಅಂಗಡಿ ಇಡ್ತಿದೀಯೋ? ಓದೋನಿಗೆ ಒಂದು ಕೆಂಪು ದಾರ ಕಾಣ್ಬೇಕು ಮಾರಾಯ್ತಿ, ಈ ತುದಿಯಿಂದ ಆ ತುದಿವರೆಗೆ. ನಿನ್ನದು ಉಣ್ಣೆ ಬುಟ್ಟಿ. ಅದರೊಳಗೆ ಬೆಕ್ಕೂ ಕೂತಿದೆ."

ನಗು ಬಂತು. ತಡೆದುಕೊಂಡೆ. ಪೆನ್ಸಿಲ್ ಹಿಡಿದು ಗೀಟು ಎಳೆಯುತ್ತಾ ಹೋದ. ಸ್ಮಶಾನ — ಗೀಟು. ಲಾರಿ — ಗೀಟು. ಹಕ್ಕಿಗಳು — ಎರಡು ಗೀಟು.

"ಮಧ್ಯೆ ಎರಡು ವರ್ಷ ಖಾಲಿ ಕಾಣುತ್ತಲ್ಲ?" ಎಂದೆ.

"ಖಾಲಿ ಇರ್ಲಿ ಬಿಡು. ಯಾರೂ ಕೇಳಲ್ಲ."

ಸೆಪ್ಟೆಂಬರ್ 5

ಚಿಕ್ಕಮ್ಮನ ಮನೆಯ ಮೇಲಿನ ಕೋಣೆ. ಕೆಳಗೆ ಅವಳು ರೇಡಿಯೊ ಜೊತೆ ಜಗಳವಾಡುತ್ತಾ ಮೀನು ಹುರಿಯುತ್ತಿದ್ದಾಳೆ. ದಿನವಿಡೀ ಶಾಲೆಯ ಇನ್ನೂರು ಮಕ್ಕಳಿಗೆ ಅಡುಗೆ ಮಾಡಿ ಬಂದು ಮತ್ತೆ ಒಲೆ ಮುಂದೆ ನಿಲ್ಲುವ ಶಕ್ತಿ ಎಲ್ಲಿಂದ ಬರುತ್ತದೋ.

ಒಂದು ಜಾಹೀರಾತು ಸಿಕ್ಕಿದೆ. ನೋರ್‌ಹೋವ ಊರಿನ ಗ್ರಂಥಾಲಯಕ್ಕೆ ಸಹಾಯಕಿ ಬೇಕು. ಬಸ್ಸಿನಲ್ಲಿ ಐವತ್ತು ನಿಮಿಷ. ಈ ವರ್ಷ ಹಾಕುತ್ತಿರುವ ನಲವತ್ತೊಂದನೇ ಅರ್ಜಿ. ಇದು ಮಾತ್ರ ನಿಜವಾಗಿ ಬೇಕು ಅನ್ನಿಸಿದ್ದು.

ಪ್ರೇಬೆನ್ ಹೇಳಿದಂತೆ ಅಳಿಸಿದೆ. ಅಳಿಸುವಾಗ ಕೈ ತಡೆಯಿತು. ಸ್ಮಶಾನಕ್ಕೆ ಸೇರಿದ್ದು ಬೇಸಿಗೆಯ ಆರು ವಾರಕ್ಕೆಂದು. ಇಷ್ಟವಾಯಿತು, ಉಳಿದೆ. ನೀರಿನ ಕ್ಯಾನ್ ಹಿಡಿದು ಬರುವ ವಿಧವೆಯರು ಬೇಲಿ ಪಕ್ಕ ನಿಂತು ಮಾತಾಡುತ್ತಿದ್ದರು. ಉತ್ತರ ಬೇಕಿರಲಿಲ್ಲ ಅವರಿಗೆ. ನಾನು ಎಲೆ ಗುಡಿಸುತ್ತಾ ಕೇಳುತ್ತಿದ್ದೆ. ಜನರ ಜೊತೆ ಇರಲು ನನಗೂ ಬರುತ್ತದೆ ಎಂದು ಗೊತ್ತಾದದ್ದು ಅಲ್ಲಿ. ಜೊತೆಗಿದ್ದ ಮಾಲಿಗೆ ಕಿವಿ ಕೇಳುತ್ತಿರಲಿಲ್ಲ. ಸನ್ನೆ ಕಲಿತದ್ದು ಅವನಿಗಾಗಿ. ಲಾರಿ ಹತ್ತಿದ್ದು ಅಪ್ಪನ ತಮ್ಮನ ಗಣಿಯಲ್ಲಿ ಡ್ರೈವರ್ ಕಾಲು ಮುರಿದುಕೊಂಡಾಗ. ಒಂದಕ್ಕೊಂದು ಸಂಬಂಧವಿಲ್ಲ, ನಿಜ. ಆದರೆ ಯಾವುದನ್ನೂ ಅರ್ಧಕ್ಕೆ ಬಿಟ್ಟವಳಲ್ಲ.

ಇದನ್ನು ಯಾರಿಗೆ ಹೇಳುವುದು, ಹೇಗೆ ಹೇಳುವುದು? ಒಂದು ಪುಟದ ಸಿವಿ ಕಳಿಸಿದೆ.

ಸೆಪ್ಟೆಂಬರ್ 24

ಕರೆದಿದ್ದಾರೆ! ಸೋಮವಾರ, ಹನ್ನೊಂದು ಗಂಟೆಗೆ. ಚಿಕ್ಕಮ್ಮ ನನ್ನ ನೀಲಿ ಶರ್ಟು ಇಸ್ತ್ರಿ ಮಾಡಿಟ್ಟಳು. "ಬಾಯಿ ಬಿಟ್ಟು ಮಾತಾಡು. ಗೋಡೆಗೆ ಅಂಟ್ಕೊಂಡು ಕೂತ್ಕೋಬೇಡ" ಎಂದಳು.

ಸೆಪ್ಟೆಂಬರ್ 29, ಸೋಮವಾರ, ವಾಪಸ್ ಬಸ್ಸಿನಲ್ಲಿ

ಅಕ್ಷರ ಕುಣಿಯುತ್ತಿದೆ. ಆದರೂ ಈಗಲೇ ಬರೆಯಬೇಕು.

ಅರ್ಧ ಗಂಟೆ ಮೊದಲೇ ಹೋಗಿದ್ದೆ. ಗ್ರಂಥಾಲಯದ ಹಿಂದಿನ ಅಂಗಳದಲ್ಲಿ ಸಂಚಾರಿ ಗ್ರಂಥಾಲಯದ ಬಸ್ಸು ರಿವರ್ಸ್ ತೆಗೆದುಕೊಳ್ಳುತ್ತಿತ್ತು. ಶೆಡ್ಡಿನ ಬಾಗಿಲು ಕಿರಿದು. ನನಗೇ ಗೊತ್ತಿಲ್ಲದೆ ಹಿಂದೆ ಹೋಗಿ ನಿಂತು ಕೈ ತೋರಿಸಿದೆ — ಬಾ, ಬಾ, ಸ್ವಲ್ಪ ಎಡಕ್ಕೆ, ಸಾಕು.

ಬಿಳಿ ಗಡ್ಡದ ಡ್ರೈವರ್ ಇಳಿದ. ಹೆಸರು ಟೋರ್‌ವಾಲ್.

"ಪರವಾಗಿಲ್ವೇ" ಎಂದ. ಈ ಕಡೆಯವರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಬರುವುದಿಲ್ಲ. "ಎಲ್ಲಿ ಕಲ್ತೆ?"

"ಜಲ್ಲಿ ಗಣಿಯಲ್ಲಿ."

"ಹಾಂ." ಬಸ್ಸಿನ ಬಾಗಿಲು ಎಳೆದು ಮುಚ್ಚಿದ. "ಕ್ರಿಸ್‌ಮಸ್‌ಗೆ ನಾನು ರಿಟೈರ್. ನನ್ನ ಜಾಗಕ್ಕೆ ಎರಡು ಸಲ ಹುಡುಕಿದ್ರು. ಓದಿದೋರಿಗೆ ಇಷ್ಟು ದೊಡ್ಡ ಗಾಡಿ ಓಡಿಸೋಕೆ ಬರಲ್ಲ. ಓಡಿಸೋರಿಗೆ ಯಾವ ಮುದುಕಿಗೆ ಯಾವ ಪುಸ್ತಕ ಅಂತ ಗೊತ್ತಾಗಲ್ಲ. ಇನ್ನೇನು, ಬಸ್ಸೇ ಮಾರ್ತಾರಂತೆ."

"ಹಳ್ಳಿಯವರು?"

"ಹಳ್ಳಿಯವರು ಟಿವಿ ನೋಡ್ತಾರೆ."

ನನಗೆ ಲಾರಿ ಲೈಸೆನ್ಸ್ ಇದೆ ಎನ್ನಬೇಕಿತ್ತು. ಅಷ್ಟರಲ್ಲಿ ಒಳಗಿನಿಂದ ಹೆಸರು ಕರೆದರು.

ಮೇಜಿನ ಮೇಲೆ ಹಗಲಲ್ಲೇ ಮೇಣದಬತ್ತಿ, ಕಾಫಿ ಫ್ಲಾಸ್ಕು, ದಾಲ್ಚಿನ್ನಿ ಬನ್ನು. ಮೂವರು. ಮುಖ್ಯಸ್ಥೆ ಮೆರೆಟೆ — ಐವತ್ತರ ಆಸುಪಾಸು, ಮೆತ್ತಗಿನ ದನಿ. ಪುಸ್ತಕಗಳ ಬಗ್ಗೆ ಕೇಳಿದಾಗ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ ಅನ್ನಿಸುತ್ತದೆ. ಆಮೇಲೆ ಅವಳ ಬೆರಳು ಆ ಎರಡು ವರ್ಷದ ಮೇಲೆ ಬಂದು ನಿಂತಿತು.

ಉಸಿರು ಎಳೆದುಕೊಂಡೆ. ಈಗ ಹೇಳಿಬಿಡುತ್ತೇನೆ ಎಂದುಕೊಂಡೆ.

"ಇದರ ಬಗ್ಗೆ ನಾವು ಕೇಳಲ್ಲ ಮಾರೆನ್" ಎಂದಳು. ಕಾಗದ ಮಗುಚಿಟ್ಟಳು. "ಕೇಳೋ ಹಕ್ಕು ನಮಗಿಲ್ಲ. ಕೇಳೋ ಮನಸ್ಸೂ ಇಲ್ಲ."

ಪಕ್ಕದವಳು ಬನ್ನಿನ ತಟ್ಟೆ ನನ್ನ ಕಡೆ ತಳ್ಳಿದಳು. "ನಮ್ಮ ಮನೆಯವರೂ ಒಂದೂವರೆ ವರ್ಷ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಈಗ ನೋಡು, ಮತ್ತೆ ಹ್ಯಾಂಡ್‌ಬಾಲ್ ಆಡ್ತಾರೆ."

ಮೂವರೂ ಕನಿಕರದಿಂದ ನನ್ನನ್ನು ನೋಡಿದರು. ನನಗೆ ಏನೂ ಅರ್ಥವಾಗಲಿಲ್ಲ.

"ಥ್ಯಾಂಕ್ಸ್" ಎಂದೆ.

ಬಸ್ಸು ಊರು ದಾಟಿದ ಮೇಲೆ ಹೊಳೆಯಿತು. ಆ ಎರಡು ವರ್ಷ ನಾನು ಕಾಯಿಲೆ ಬಿದ್ದಿದ್ದೆ ಎಂದುಕೊಂಡಿದ್ದಾರೆ. ಅಯ್ಯೋ.

ಅಕ್ಟೋಬರ್ 2, ಗುರುವಾರ

ಮೆರೆಟೆ ಫೋನ್ ಮಾಡಿದಳು. ಕೆಲಸ ಸಿಕ್ಕಿದೆ. ಆದರೆ ಜಾಹೀರಾತಿನದ್ದಲ್ಲ.

"ಅದಕ್ಕೆ ಅನುಭವ ಇರೋ ಬೇರೆಯವರು ಸಿಕ್ರು. ಆದ್ರೆ ನಿನ್ನ ಓದು ನಮಗೆಲ್ಲ ಹಿಡಿಸ್ತು. ವರ್ಷಕ್ಕೆ ಒಂದು ಜಾಗ ಇಟ್ಟಿರ್ತೀವಿ — ಸ್ಟ್ರೆಸ್ಸಿಂದ ಕುಸಿದು ಮತ್ತೆ ಮೆಲ್ಲಗೆ ಎದ್ದು ನಿಲ್ಲೋರಿಗೆ. ನೆಲಮಾಳಿಗೆ. ಹಳೇ ಪುಸ್ತಕಗಳ ಪಟ್ಟಿ ಮಾಡೋದು. ವಾರಕ್ಕೆ ಹದಿನೈದು ಗಂಟೆ. ಜನ ಇಲ್ಲ, ಫೋನ್ ಇಲ್ಲ. ಯಾರೂ ನಿನಗೆ ತೊಂದರೆ ಕೊಡಲ್ಲ. ಸೋಮವಾರದೊಳಗೆ ಹೇಳ್ತೀಯಾ?"

ಹೇಳುತ್ತೇನೆ ಎಂದೆ. ಮತ್ತೆ ಥ್ಯಾಂಕ್ಸ್ ಎಂದೆ! ನಾಲಿಗೆ ಕಚ್ಚಿಕೊಳ್ಳಬೇಕಿತ್ತು.

ಚಿಕ್ಕಮ್ಮನಿಗೆ ಎಲ್ಲ ಹೇಳಿದೆ. ಕುರ್ಚಿ ಹಿಡಿದುಕೊಂಡು ನಕ್ಕಳು.

"ನಿನಗೆ ಕಾಯಿಲೆನಾ? ಬೆಳಿಗ್ಗೆ ಆರಕ್ಕೆ ಲಾರಿ ತುಂಬ ಜಲ್ಲಿ ತುಂಬಿಸ್ಕೊಂಡು ಹೋಗ್ತಿದ್ದ ಹುಡುಗಿಗೆ? ಆ ಹತ್ತು ತಿಂಗಳಲ್ಲಿ ನಿನಗೆ ಒಂದು ನೆಗಡೀನೂ ಬರ್ಲಿಲ್ಲ!"

ನಗು ನಿಂತ ಮೇಲೆ ಕಣ್ಣೊರೆಸಿಕೊಂಡು, "ಆದ್ರೂ ತಗೋ. ಒಳಗೆ ಕಾಲಿಡು ಮೊದಲು" ಎಂದಳು.

ಅಕ್ಟೋಬರ್ 3

ಪ್ರೇಬೆನ್‌ಗೆ ಖುಷಿಯೋ ಖುಷಿ. "ಬಾಯಿ ಮುಚ್ಕೊಂಡು ಸಹಿ ಹಾಕು. ನೀನು ಸುಳ್ಳು ಹೇಳಿಲ್ಲ. ಅವರೇ ಅಂದ್ಕೊಂಡ್ರು."

"ಸರಿಪಡಿಸಲಿಲ್ಲವಲ್ಲ ನಾನು."

"ಈಗ ಸರಿಪಡಿಸೋಕೆ ಹೋದ್ರೆ ಮೋಸಗಾತಿ ಅಂತಾರೆ. ಅದೂ ಹೋಗುತ್ತೆ, ಇದೂ ಹೋಗುತ್ತೆ. ನಲವತ್ತೊಂದು ಅರ್ಜಿ ಮಾರೆನ್! ನಲವತ್ತೆರಡನೇದಕ್ಕೆ ಶಕ್ತಿ ಇದೆಯಾ?"

ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಕೆಲಸವೂ ಕೈತಪ್ಪಬಹುದು, ಹೆಸರೂ ಕೆಡಬಹುದು. ಆ ಪುಟ್ಟ ಊರಲ್ಲಿ ಮಾತು ಬೇಗ ಹರಡುತ್ತದೆ.

ಅಕ್ಟೋಬರ್ 5, ಭಾನುವಾರ, ಮಧ್ಯಾಹ್ನ

ನಿನ್ನೆ ಏನೂ ಬರೆಯಲಿಲ್ಲ. ಇಡೀ ದಿನ ಕೆರೆ ಸುತ್ತ ನಡೆದೆ.

ಒಂದು ಮಾತು ಒಪ್ಪಿಕೊಳ್ಳಬೇಕು. ನೆಲಮಾಳಿಗೆಯ ಆಸೆ ಇದೆ. ಜನ ಇಲ್ಲ, ಫೋನ್ ಇಲ್ಲ, ಹಳೇ ಕಾಗದದ ವಾಸನೆ. ನನ್ನಂಥವಳಿಗೆ ಹೇಳಿ ಮಾಡಿಸಿದ ಜಾಗ. ಯಾರೂ ಹುಡುಕಿಕೊಂಡು ಬಾರದ ಕಡೆ ಕೂತುಬಿಡಬಹುದು.

ಆದರೆ ಆ ಕುರ್ಚಿ ಒಬ್ಬರಿಗೆಂದು ಇಟ್ಟದ್ದು. ನಿಜವಾಗಿ ಕುಸಿದು ಬಿದ್ದವರಿಗೆ. ಈಗ ಎಲ್ಲೋ ಪರದೆ ಎಳೆದುಕೊಂಡು ಮಲಗಿರುವ ಯಾರೋ ಒಬ್ಬರು, ಎದ್ದು ನಿಲ್ಲುವ ದಿನ ಆ ಕುರ್ಚಿಯಲ್ಲಿ ಕೂರಬೇಕು. ಅಲ್ಲಿ ನಾನು ಕೂತಿರುತ್ತೇನೆ — ಗುಂಡುಕಲ್ಲಿನ ಹಾಗೆ ಗಟ್ಟಿಮುಟ್ಟಾಗಿ. ದಿನಾ ಬೆಳಿಗ್ಗೆ ಮೆರೆಟೆ ಮೆತ್ತಗೆ "ಹೇಗಿದೀಯ?" ಎನ್ನುತ್ತಾಳೆ. ನಾನು ಥ್ಯಾಂಕ್ಸ್ ಎನ್ನುತ್ತೇನೆ.

ಇನ್ನೊಂದೂ ಇದೆ. ಆ ಎರಡು ವರ್ಷ ನನಗೆ ಕಾಯಿಲೆಯಾಗಿರಲಿಲ್ಲ. ನನ್ನ ಬದುಕಿನ ಅತ್ಯಂತ ಆರೋಗ್ಯದ ವರ್ಷಗಳವು. ಅವನ್ನು ಅಳಿಸಿದ್ದೂ ನಾನೇ. ಪ್ರೇಬೆನ್ ಹಾಕಿದ್ದು ಬರೀ ಪೆನ್ಸಿಲ್ ಗೀಟು.

ಸಂಜೆ, ಐದು ಗಂಟೆ

ಮತ್ತೆ ಬರೆದೆ. ಎಲ್ಲವನ್ನೂ. ಸ್ಮಶಾನದಲ್ಲಿ ಏನು ಮಾಡಿದೆ, ಯಾರ ಮಾತು ಕೇಳಿದೆ. ಗಣಿಯ ಕಡಿದಾದ ದಾರಿಯಲ್ಲಿ ತುಂಬಿದ ಲಾರಿ ಇಳಿಸಿದ್ದು. ಸನ್ನೆ. ಹಕ್ಕಿಗಳನ್ನೂ ಬಿಡಲಿಲ್ಲ. ದಾರ ಗೀರ ಏನೂ ಹುಡುಕಲಿಲ್ಲ. ಎರಡು ಪುಟ ಆಯಿತು. ಇನ್ನು ಕಡಿಮೆ ಮಾಡುವುದಿಲ್ಲ.

ಟೋರ್‌ವಾಲ್‌ನ ಜಾಗ ಕೇಳುತ್ತೇನೆ. ಬಸ್ಸನ್ನು ನನ್ನ ಕೈಗೆ ಕೊಡುತ್ತಾರೋ ಇಲ್ಲವೋ ಗೊತ್ತಿಲ್ಲ. ಬಹುಶಃ ಕೊಡಲಾರರು. ಮೋಸಗಾತಿ ಎಂದರೆ, ಎದುರಿಗೆ ನಿಂತು ಅನ್ನಿಸಿಕೊಳ್ಳುತ್ತೇನೆ. ಬೇರೆಯವರ ಕುರ್ಚಿ ಮಾತ್ರ ಬೇಡ.

ಚಿಕ್ಕಮ್ಮ ಕೆಳಗಿನಿಂದ ಕೂಗುತ್ತಿದ್ದಾಳೆ, ಸಂಜೆಯ ಊಟ ಆರುತ್ತಿದೆಯಂತೆ. ಅವಳಿಗೆ ಹೇಳಿಲ್ಲ. ಹೇಳಿದರೆ ತಡೆಯುತ್ತಾಳೆ. ನಾಳೆ ಏಳು ಇಪ್ಪತ್ತರ ಬಸ್ಸು. ಮೆರೆಟೆ ಕೋಟು ಬಿಚ್ಚುವ ಮೊದಲೇ ಅವಳ ಬಾಗಿಲಲ್ಲಿರುತ್ತೇನೆ. ಮೊದಲ ಮಾತು: ನನಗೆ ಕಾಯಿಲೆ ಇರಲಿಲ್ಲ. ಎರಡನೆಯದು: ನನಗೆ ಲಾರಿ ಲೈಸೆನ್ಸ್ ಇದೆ.