ಹನ್ನೊಂದನೇ ಕಾಲಂ ಮತ್ತು ಆರ್ಡೆಲ್‌ಳ ನೀಲಿ ಲೋಟ

ಮಾನ್ಯ ಶಿಕ್ಷಣಾಧಿಕಾರಿಗಳೇ,

ನೀವು ಕಳಿಸಿದ ಜನ ಲಿಟಲ್ ಹೆಬ್ರಾನ್ ಚರ್ಚಿನ ಹಿಂದಿನ ಸ್ಮಶಾನವನ್ನು ಬಹಳ ಅಚ್ಚುಕಟ್ಟಾಗಿ ಸ್ವಚ್ಛ ಮಾಡಿದ್ದಾರೆ. ಎಷ್ಟು ಅಚ್ಚುಕಟ್ಟಾಗಿ ಎಂದರೆ, ಎಪ್ಪತ್ತೆಂಟು ವರ್ಷದ ಹೆಂಗಸೊಬ್ಬರಿಗೆ ಈಗ ತನ್ನ ಅಕ್ಕನನ್ನು ಎಲ್ಲಿ ಹೂತಿದ್ದಾರೆ ಎಂಬುದೇ ಗೊತ್ತಾಗುತ್ತಿಲ್ಲ. ನನ್ನ ದೂರು ಇಷ್ಟೇ. ಇದನ್ನು ನಿಮ್ಮ ಕಚೇರಿಗೆ ಮೂರು ಸಲ ಬರೆದೆ. ಮೂರು ಸಲವೂ 'ನಿಮ್ಮ ಅನಿಸಿಕೆಗೆ ಧನ್ಯವಾದಗಳು' ಎಂಬ ಉತ್ತರ ಬಂತು. ನನ್ನದು ಅನಿಸಿಕೆಯಲ್ಲ. ಅದಕ್ಕೇ ಈಗ ಪತ್ರಿಕೆಯಲ್ಲಿ, ಇಡೀ ಕೌಂಟಿ ಓದುವ ಹಾಗೆ, ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನಾನು ಯಾರೆಂದು ನಿಮಗೆ ನೆನಪಿರಲಾರದು. ನಿಮ್ಮದೇ ಪ್ರೌಢಶಾಲೆಯಲ್ಲಿ ಇಪ್ಪತ್ತಮೂರು ವರ್ಷದಿಂದ ಚರಿತ್ರೆ ಕಲಿಸುತ್ತಿದ್ದೇನೆ. ಅಲಬಾಮಾದ ಈ ಮೂಲೆಯಲ್ಲಿ ನಾಗರಿಕ ಹಕ್ಕುಗಳ ಚರಿತ್ರೆಯನ್ನು ಹೇಗೆ ಕಲಿಸುತ್ತೇವೆಂದು ನಿಮಗೂ ಗೊತ್ತಿದೆ. ಕಪ್ಪು ಜನರ ಚರಿತ್ರೆಯ ತಿಂಗಳೆಂದು ಫೆಬ್ರವರಿ ಬಂದರೆ ಗೋಡೆಗೆ ನಾಲ್ಕು ಚಿತ್ರ ಅಂಟಿಸುತ್ತೇವೆ, ಮಾರ್ಚ್ ಒಂದನೇ ತಾರೀಖು ಕಿತ್ತು ಬೀರುವಿಗೆ ಹಾಕುತ್ತೇವೆ. ಮಕ್ಕಳಿಗೆ ಅದೆಲ್ಲ ಬೇರೆ ಊರಿನಲ್ಲಿ, ಬೇರೆ ಯಾರೋ ದೊಡ್ಡವರು ಮಾಡಿದ್ದು. ಕಳೆದ ವರ್ಷ ಶನೀಸ್ ಎಂಬ ಹುಡುಗಿ ತರಗತಿಯಲ್ಲಿ ಎದ್ದು ನಿಂತು, "ಮಿಸ್, ನಮ್ಮೂರಲ್ಲಿ ಆಗ ಯಾರೂ ಏನೂ ಮಾಡ್ಲಿಲ್ವಾ? ಎಲ್ರೂ ಮನೇಲಿ ಮಲಗಿದ್ರಾ?" ಎಂದು ಕೇಳಿದಳು. ಉಳಿದವರು ನಕ್ಕರು. ನನಗೆ ನಗು ಬರಲಿಲ್ಲ. ಆವತ್ತೇ ಈ ಪ್ರವಾಸದ ಯೋಚನೆ ಶುರುವಾಯಿತು.

ಪ್ರವಾಸ ಎಂದರೆ ಏನು ಮಹಾ? ಶಾಲೆಯಿಂದ ಹನ್ನೊಂದು ಮೈಲಿ. ಹತ್ತೊಂಬತ್ತು ಮಕ್ಕಳು, ಒಂದು ಹಳದಿ ಬಸ್ಸು, ಮಧ್ಯಾಹ್ನ ಚರ್ಚಿನ ಹೆಂಗಸರ ಕೈಯ ಹುರಿದ ಕೋಳಿ, ಗೆಣಸಿನ ಪೈ. ಬೆಳಗ್ಗೆ ಸ್ಮಶಾನದಲ್ಲಿ ಕಳೆ ಕೀಳುವ ಸೇವೆ. ಆಮೇಲೆ ಅಲ್ಲೇ ಕೂತು ಮದರ್ ಜೆನೋಬಿಯಾ ಕ್ರಮ್ ಅವರ ಮಾತು ಕೇಳುವುದು. ಅವರು ಆ ಚರ್ಚಿನ ಹಿರಿಯಮ್ಮ, ಊರಿಗೆಲ್ಲ 'ಮದರ್'. ಇಡೀ ಪ್ರವಾಸ ನಿಂತಿದ್ದು ಅವರ ಆ ಒಂದು ಗಂಟೆಯ ಮಾತಿನ ಮೇಲೆ.

ಅವರನ್ನು ಒಪ್ಪಿಸಲು ನನಗೆ ಏಳು ತಿಂಗಳು ಹಿಡಿಯಿತು. ಸಾವಿರದ ಒಂಬೈನೂರ ಅರವತ್ತೈದರಲ್ಲಿ ಅವರ ಅಕ್ಕ ಆರ್ಡೆಲ್‌ಗೆ ಇಪ್ಪತ್ತೆರಡು, ಇವರಿಗೆ ಹದಿನೇಳು. ಆರ್ಡೆಲ್ ಮತದಾರರ ಪಟ್ಟಿಗೆ ಹೆಸರು ಸೇರಿಸಲು ನ್ಯಾಯಾಲಯದ ಕಟ್ಟಡಕ್ಕೆ ನಡೆದುಕೊಂಡು ಹೋಗಿ, ನಾಲ್ಕು ಪುಟದ ಅರ್ಜಿಯನ್ನು ದುಂಡಗಿನ ಅಕ್ಷರದಲ್ಲಿ ತುಂಬಿ ಕೊಟ್ಟಳು. ಗುಮಾಸ್ತ ಅದನ್ನು ಕಣ್ಣೆತ್ತಿಯೂ ನೋಡದೆ ಡ್ರಾಯರಿಗೆ ಹಾಕಿ 'ತಿಳಿಸ್ತೀವಿ' ಎಂದ. ತಿಳಿಸಿದ್ದು ಅವನಲ್ಲ, ಅವರು ಗೇಣಿಗೆ ದುಡಿಯುತ್ತಿದ್ದ ಜಮೀನಿನ ಬಿಳಿಯ ಒಡೆಯ. ಕಪ್ಪು ಹುಡುಗಿ ಮತ ಕೇಳಿದ ತಪ್ಪಿಗೆ ಅದೇ ವಾರ ಮನೆ ಖಾಲಿ ಮಾಡಿಸಿದ. ಆ ಚಳಿಗಾಲವನ್ನು ಕುಟುಂಬ ರಸ್ತೆ ಬದಿಯ ಡೇರೆಯಲ್ಲಿ ಕಳೆಯಿತು. ಆರ್ಡೆಲ್ ಡೇರೆಯಲ್ಲೇ ನ್ಯುಮೋನಿಯಾದಿಂದ ತೀರಿಕೊಂಡಳು. ಇಷ್ಟು ಊರಿಗೆ ಗೊತ್ತು. ಆ ಡೇರೆಯೊಳಗೆ ಏನೇನು ನಡೆಯಿತು, ಅವಳು ಕೊನೆಗೆ ಏನು ಹೇಳಿದಳು ಎಂಬುದನ್ನು ಮದರ್ ತಮ್ಮ ಹೆತ್ತ ಮಕ್ಕಳಿಗೂ ಹೇಳಿರಲಿಲ್ಲ.

ಕೊನೆಯ ಸಲ ಅವರ ಮನೆಗೆ ಹೋದಾಗ ಜಗಲಿಯಲ್ಲಿ ಕೂತು ಅಲಸಂದೆ ಕಾಳು ಆರಿಸುತ್ತಿದ್ದರು.

"ಅರವತ್ತು ವರ್ಷ ಮುಚ್ಕೊಂಡಿದ್ದ ಬಾಯಿ. ನಿನ್ನ ಮಕ್ಕಳಿಗೋಸ್ಕರ ಈಗ ತೆಗೀಬೇಕಾ?"

"ತೆಗೀರಿ ಮದರ್. ನೀವು ಹೇಳ್ದೇ ಹೋದ್ರೆ ಇನ್ಯಾರು ಹೇಳ್ತಾರೆ?"

"ನಾನು ಸಾಯ್ತೀನಿ ಅಂತ ಮರ್ಯಾದೆಯಿಂದ ಹೇಳ್ತಿದ್ದೀಯ ಅಂತ ಆಯ್ತು." ನಕ್ಕರು. "ಆ ಹುಡುಗ್ರು ಫೋನ್ ನೋಡ್ತಾ ಕೂತ್ರೆ?"

"ಫೋನೆಲ್ಲ ಬಸ್ಸಲ್ಲೇ ಇಡಿಸ್ತೀನಿ."

"ನಿಂದೂ ಇಡು. ನೀನೇನು ಕಮ್ಮಿಯಿಲ್ಲ." ಆಮೇಲೆ ಇನ್ನೊಂದು ಹಿಡಿ ಕಾಳು ಆರಿಸಿ ಹೇಳಿದರು, "ಮನೇಲಿ ಹೇಳಲ್ಲ. ಅವಳ ಪಕ್ಕ ಕುರ್ಚಿ ಹಾಕ್ಸು, ಅಲ್ಲಿ ಕೂತ್ಕೊಂಡು ಹೇಳ್ತೀನಿ. ತಪ್ಪಿದ್ರೆ ಅವಳೇ ತಿದ್ಲಿ. ಬದುಕಿದ್ದಾಗ್ಲೂ ನನ್ನ ಒಂದು ಮಾತು ಪೂರ್ತಿ ಆಡೋಕೆ ಬಿಟ್ಟವಳಲ್ಲ ಅವಳು."

'ಅವಳ ಪಕ್ಕ' ಎಂದರೆ ಎಲ್ಲಿ ಎಂಬ ಪ್ರಶ್ನೆ ಆಗ ಯಾರಿಗೂ ಬರುವಂತಿರಲಿಲ್ಲ. ಲಿಟಲ್ ಹೆಬ್ರಾನ್‌ನಲ್ಲಿ ಇನ್ನೂರಕ್ಕೂ ಹೆಚ್ಚು ಗೋರಿಗಳಿವೆ, ಹೆಸರು ಕೆತ್ತಿದ ಕಲ್ಲಿರುವುದು ಆರಕ್ಕೆ ಮಾತ್ರ. ಉಳಿದವರಿಗೆ ಕಲ್ಲು ಹಾಕಿಸುವ ಶಕ್ತಿ ಇರಲಿಲ್ಲ. ಆದರೆ ಸತ್ತವರು ಕೊನೆಗೆ ಮುಟ್ಟಿದ ವಸ್ತುವನ್ನು ಗೋರಿಯ ಮೇಲೆ ಇಡುವುದು ನಮ್ಮಲ್ಲಿ ತಲೆತಲಾಂತರದ ರೂಢಿ. ಔಷಧಿ ಬಾಟಲಿ, ತಟ್ಟೆ, ದೀಪ, ಕನ್ನಡಕ. ಇಡುವ ಮೊದಲು ಅದನ್ನು ಒಡೆಯುತ್ತೇವೆ, ಇಲ್ಲವೇ ತೂತು ಮಾಡುತ್ತೇವೆ, ಆ ಮನೆಯಲ್ಲಿ ಸಾವಿನ ಸರಪಳಿ ಅಲ್ಲಿಗೇ ತುಂಡಾಗಲಿ ಎಂದು. ಆರ್ಡೆಲ್‌ಳ ಗೋರಿಯ ಮೇಲೆ ಇದ್ದದ್ದು ಒಂದು ನೀಲಿ ಎನಾಮಲ್ ಲೋಟ. ಅವಳು ಕೊನೆಯ ಗುಟುಕು ನೀರು ಕುಡಿದದ್ದು ಅದರಲ್ಲಿ. ಅದರ ತಳಕ್ಕೆ ಮೊಳೆ ಹೊಡೆದು ತೂತು ಮಾಡಿದವರು ಹದಿನೇಳರ ಜೆನೋಬಿಯಾ. ಮಂಡಿನೋವಿನಿಂದ ಮೂರು ವರ್ಷ ಆ ಕುಸಿದ ಗೋರಿಗಳ ನಡುವೆ ನಡೆಯಲಾಗದಿದ್ದರೂ ಅವರಿಗೆ ಚಿಂತೆಯಿರಲಿಲ್ಲ. ಲೋಟ ಇದೆಯಲ್ಲ.

ಇನ್ನು ನಿಮ್ಮ ಅರ್ಜಿಯ ವಿಷಯಕ್ಕೆ ಬರೋಣ. ಸೇವೆಯ ಮೂಲಕ ಕಲಿಯುವ ಪ್ರವಾಸಕ್ಕೆ ನಿಮ್ಮ ಕಚೇರಿ ಹದಿನಾಲ್ಕು ಪುಟದ ಅರ್ಜಿ ಇಟ್ಟಿದೆ. ನನ್ನ ಮೊದಲ ಅರ್ಜಿಯಲ್ಲಿ ಸೇವೆ ಎಂಬಲ್ಲಿ 'ಒಬ್ಬ ಹಿರಿಯರ ಮಾತನ್ನು ಕೇಳಿಸಿಕೊಂಡು ಬರೆದಿಡುವುದು' ಎಂದು ಬರೆದಿದ್ದೆ. 'ಕೇಳಿಸಿಕೊಳ್ಳುವುದನ್ನು ಅಳೆಯಲಾಗದು' ಎಂದು ವಾಪಸು ಬಂತು. ಎಷ್ಟು ಕಿವಿ, ಎಷ್ಟು ಗಂಟೆ ಎಂದು ಗುಣಿಸಿ ಕೊಡಬಹುದಿತ್ತೇನೋ, ನನಗೆ ತೋಚಲಿಲ್ಲ, ಸೇವೆ ಎಂಬಲ್ಲಿ ಸ್ಮಶಾನದ ಕಳೆ ಕೀಳುವುದು ಎಂದು ಬದಲಿಸಿದೆ. ಎರಡನೇ ಅರ್ಜಿ 'ಮತದಾನದ ಹಕ್ಕಿಗಾಗಿ ಹೋರಾಟ' ಎಂಬ ಮಾತಿಗೆ ಅಡಿಗೆರೆ ಹಾಕಿಸಿಕೊಂಡು ಬಂತು. ಯಾರಾದರೂ ವಿದ್ಯಾರ್ಥಿಯ ಮನಸ್ಸಿಗೆ ಕಸಿವಿಸಿಯಾದೀತೇ ಎಂದು ಪಕ್ಕದಲ್ಲಿ ಕೇಳಿದ್ದಿರಿ. ಆಗಬೇಕೆಂದೇ ಹೊರಟವಳು ನಾನು. ಆದರೂ ಬಾಯಿ ಮುಚ್ಚಿಕೊಂಡು 'ಸ್ಥಳೀಯ ಪರಂಪರೆಯ ಪರಿಚಯ' ಎಂದು ತಿದ್ದಿದೆ. ಡೇರೆಯಲ್ಲಿ ಸತ್ತ ಹುಡುಗಿ ಹೀಗೆ ಪರಂಪರೆಯಾದಳು. ಮೂರನೇ ಸಲ ಪ್ರವಾಸಕ್ಕೆ ಒಪ್ಪಿಗೆ ಸಿಕ್ಕಿತು.

ಪ್ರವಾಸ ಶುಕ್ರವಾರ. ನನಗೆ ಒಂದು ಮಾತೂ ತಿಳಿಸದೆ ನಿಮ್ಮ ಸುರಕ್ಷತಾ ವಿಭಾಗ ಬುಧವಾರ ಗುತ್ತಿಗೆಯವರನ್ನು ಕಳಿಸಿತು. ಗಾಜು, ಪಿಂಗಾಣಿ, ತುಕ್ಕು ಹಿಡಿದದ್ದು ಎಲ್ಲವನ್ನೂ ಮೂವತ್ತೇಳು ಕಪ್ಪು ಚೀಲಗಳಲ್ಲಿ ತುಂಬಿಸಿ ಒಯ್ದರು. ಕುಸಿದ ಗೋರಿಗಳಲ್ಲಿ ಮಕ್ಕಳು ಎಡವಬಾರದೆಂದು ಕೆಂಪು ಮಣ್ಣು ಸುರಿದು ಸಮ ಮಾಡಿದರು. ಮೇಲೆ ಹುಲ್ಲಿನ ಬೀಜ ಚೆಲ್ಲಿದರು. ಕೆಲಸದಲ್ಲಿ ಒಂದು ಕೊರತೆ ಹೇಳುವ ಹಾಗಿಲ್ಲ.

ಶುಕ್ರವಾರ ಬೆಳಗ್ಗೆ ಬಸ್ಸು ಇಳಿದಾಗ ನಾನು ದಾರಿ ತಪ್ಪಿತೆಂದುಕೊಂಡೆ. ಚರ್ಚು ಅದೇ ಇತ್ತು, ಅದರ ಹಿಂದೆ ಆಟದ ಮೈದಾನದಂಥ ಬಯಲು. ಮದರ್ ಜೆನೋಬಿಯಾ ಆಗಲೇ ಬಂದಿದ್ದರು, ಬಿಳಿ ಟೋಪಿ, ಬಿಳಿ ಕೈಚೀಲ, ಭಾನುವಾರದ ಬಟ್ಟೆ. ಶನೀಸ್ ಅವರ ಮಡಚುವ ಕುರ್ಚಿಯನ್ನು ಹಿಡಿದು ಹಿಂದೆ ಹಿಂದೆ ನಡೆದಳು. ಮದರ್ ಒಂದು ಕಡೆ ನಿಂತರು. ಇಲ್ಲ ಎಂದು ಮುಂದೆ ಹೋದರು. ಮತ್ತೆ ವಾಪಸು ಬಂದರು.

"ಇಲ್ಲೊಂದು ಸೀಡರ್ ಮರ ಇತ್ತಲ್ಲ?"

"ಅದು ಹೋದ ವರ್ಷದ ಬಿರುಗಾಳೀಲಿ ಬಿತ್ತು, ಮದರ್."

"ಹಾಗಾದ್ರೆ ಲೋಟ?" ಎಂದರು. ಊರುಗೋಲಿನಿಂದ ಹೊಸ ಮಣ್ಣನ್ನು ಮೆಲ್ಲಗೆ ಕೆದಕಿದರು. "ಮಗಾ, ಲೋಟ ಎಲ್ಲಿ?"

ಶನೀಸ್ ಕುರ್ಚಿಯನ್ನು ಬಿಚ್ಚಿ ಹಾಕಲು ಮೂರು ಕಡೆ ನೋಡಿದಳು. ಹಾಕಲಿಲ್ಲ, ಯಾರ ಮೇಲೆ ಹಾಕುತ್ತೇವೋ ಏನೋ ಎಂದು ಅವಳಿಗೂ ಅನಿಸಿರಬೇಕು. ಮುಕ್ಕಾಲು ಗಂಟೆ ಹುಡುಕಿದ ಮೇಲೆ ಮದರ್ ಕಾರಿನ ಬಳಿ ಹೋಗಿ, ಬಾಗಿಲು ತೆರೆದೇ ಇಟ್ಟು, ಕಾಲು ಹೊರಗೆ ಹಾಕಿ ಕೂತರು. ನಾನು ಪಕ್ಕದಲ್ಲಿ ಮಂಡಿಯೂರಿದೆ.

"ಇಲ್ಲೇ ಕೂತು ಹೇಳ್ತೀರಾ ಮದರ್? ಮಕ್ಕಳು ಕಾಯ್ತಿದ್ದಾರೆ."

"ಯಾರ ಹತ್ರ ಕೂತು ಹೇಳ್ಲಿ?" ಎಂದರು. ಅಷ್ಟೇ. ಕಾಲು ಒಳಗೆಳೆದುಕೊಂಡು ಬಾಗಿಲು ಹಾಕಿಕೊಂಡರು.

ಹತ್ತೊಂಬತ್ತು ಮಕ್ಕಳು ಕೈಗವಸು ಹಾಕಿಕೊಂಡು ಸಾಲಾಗಿ ನಿಂತಿದ್ದರು. ಶನೀಸ್ ಹತ್ತಿರ ಬಂದು ಪಿಸುಗುಟ್ಟಿದಳು, "ಮಿಸ್, ಈಗ ನಾವು ಏನು ಕ್ಲೀನ್ ಮಾಡೋದು?" ಕೈಗವಸು ತೆಗೆಯಿರಿ ಎಂದೆ. ಹುರಿದ ಕೋಳಿ ತಿಂದು ಬಸ್ಸು ಹತ್ತಿದೆವು.

ಸೋಮವಾರ ನಿಮ್ಮ ಕಚೇರಿಗೆ ಫೋನು ಮಾಡಿದೆ. ಎತ್ತಿದ ಹೆಂಗಸು ತಾಳ್ಮೆಯವಳು, ಅವಳ ಮೇಲೆ ನನಗೆ ಸಿಟ್ಟಿಲ್ಲ. "ಮೇಡಂ, ನಮ್ದೇನು ತಪ್ಪು? ನೀವೇ ಬರ್ದಿದ್ದೀರಲ್ಲಾ," ಎಂದು ನನ್ನ ಅರ್ಜಿಯನ್ನೇ ಓದಿ ಹೇಳಿದಳು.

ಇಲ್ಲಿಯತನಕ ಓದಿದವರು ನನ್ನ ಪಕ್ಷ ವಹಿಸಿರಬಹುದು. ದಯವಿಟ್ಟು ಸ್ವಲ್ಪ ತಡೆಯಿರಿ. ಆ ಅರ್ಜಿಯ ಹನ್ನೊಂದನೇ ಕಾಲಂ, 'ಸ್ಥಳದ ಸದ್ಯದ ಸ್ಥಿತಿ. ಸೇವೆಯ ಅಗತ್ಯವನ್ನು ಸಾಬೀತುಪಡಿಸಿ.' ಅದರಲ್ಲಿ ನಾನು ನನ್ನ ಕೈಯಾರೆ ಬರೆದದ್ದು: 'ಒಡೆದ ಗಾಜು, ಪಿಂಗಾಣಿ ಚೂರು, ತುಕ್ಕು ಹಿಡಿದ ಲೋಟ ತಟ್ಟೆ ಎಲ್ಲೆಂದರಲ್ಲಿ ಬಿದ್ದು ಸ್ಮಶಾನ ತೀರ ಹದಗೆಟ್ಟಿದೆ.' ನಾನು ಈ ನೆಲದವಳು. ನನ್ನ ಅಜ್ಜಿಯ ಗೋರಿಯ ಮೇಲೆ ಅವಳ ಕನ್ನಡಕವನ್ನು ಒಡೆದು ಇಟ್ಟವಳು ನಾನೇ. ಗೊತ್ತಿದ್ದೂ ಬರೆದೆ. ಬರೀ ಕಳೆ ಇದೆ ಎಂದರೆ ನೀವು ಒಪ್ಪುತ್ತಿರಲಿಲ್ಲ, ಎರಡು ಸಲ ವಾಪಸು ಬಂದಿತ್ತು, ಮದರ್ ಅವರಿಗೆ ಎಪ್ಪತ್ತೆಂಟಾಗಿತ್ತು.

ಇನ್ನೂ ಒಂದು ಕಾರಣವಿದೆ, ಹೇಳಲು ನಾಚಿಕೆ. ಎರಡು ಸಲವೂ ತಕರಾರು ಬಂದದ್ದು ಮೊದಲ ಪುಟದ ಮಾತಿಗೆ, ಹನ್ನೊಂದನೇ ಕಾಲಂವರೆಗೆ ಯಾರೂ ಓದುವುದಿಲ್ಲ ಎಂದುಕೊಂಡೆ. ನಮ್ಮ ಕಡೆಯವರು ಈ ಕೌಂಟಿಗೆ ಬರೆದುಕೊಟ್ಟ ಅರ್ಜಿಗಳು ಡ್ರಾಯರು ಸೇರುವುದನ್ನು ನೋಡಿಕೊಂಡೇ ಬೆಳೆದವಳು ನಾನು. ರಸ್ತೆ ಕೇಳಿದ ಅರ್ಜಿ, ಚರಂಡಿ ಕೇಳಿದ ಅರ್ಜಿ, ಈ ಸ್ಮಶಾನಕ್ಕೆ ಒಂದು ಬೇಲಿ ಕೇಳಿದ ಒಂಬತ್ತು ಅರ್ಜಿ. ಆರ್ಡೆಲ್‌ಳ ದುಂಡಗಿನ ನಾಲ್ಕು ಪುಟವನ್ನು ಯಾರಾದರೂ ಓದಿದ್ದರೇ? ಕಾಲಂ ತುಂಬುವುದು ನಮಗೆ ಒಂದು ಶಾಸ್ತ್ರ, ಏನು ತುಂಬಿದರೇನು ಎಂಬ ಅಸಡ್ಡೆ ರಕ್ತಕ್ಕೇ ಇಳಿದಿದೆ. ಅರವತ್ತು ವರ್ಷದಲ್ಲಿ ಮೊದಲ ಸಲ ನೀವು ನಮ್ಮ ಒಂದು ಅರ್ಜಿಯನ್ನು ಪೂರ್ತಿ ಓದಿದಿರಿ, ಎರಡೇ ವಾರದಲ್ಲಿ ಲಾರಿಯನ್ನೂ ಕಳಿಸಿದಿರಿ. ನಿಮ್ಮನ್ನು ಹೇಗೆ ಬಯ್ಯಲಿ? ಬಯ್ಯದೆ ಹೇಗಿರಲಿ?

ಹೋದ ವಾರ ನಿಮ್ಮ ಕಚೇರಿಯಿಂದ ಚೌಕಟ್ಟು ಹಾಕಿದ ಪ್ರಶಸ್ತಿ ಪತ್ರ ಬಂದಿದೆ. 'ಮೂವತ್ತೇಳು ಚೀಲ, ಈ ಸಾಲಿನ ಅತ್ಯುತ್ತಮ ಸೇವಾ ಪ್ರವಾಸ.' ಮಕ್ಕಳು ಒಂದು ಕಡ್ಡಿಯನ್ನೂ ಎತ್ತಲಿಲ್ಲ. ಅದನ್ನು ನಿಮ್ಮ ಕಚೇರಿಗೇ ವಾಪಸು ಕಳಿಸಿದ್ದೇನೆ.

ನನ್ನ ಬೇಡಿಕೆ ದೊಡ್ಡದಲ್ಲ. ಆ ಮೂವತ್ತೇಳು ಚೀಲಗಳು ಕೌಂಟಿಯ ಕಸದ ಗುಂಡಿಗೆ ಹೋಗಿವೆ ಎಂದು ನಿಮ್ಮವರೇ ಹೇಳಿದ್ದಾರೆ. ಅದರ ಗೇಟು ನಮಗೆ ತೆರೆಸಿಕೊಡಿ. ಹುಡುಕುವವರು ನಾವೇ, ಹತ್ತೊಂಬತ್ತು ಮಕ್ಕಳೂ ಮನೆಯಿಂದ ಒಪ್ಪಿಗೆ ಚೀಟಿ ತಂದುಕೊಟ್ಟಿದ್ದಾರೆ. ಗೇಟು ತೆರೆಸಲು ಅರ್ಜಿ ಬೇಕೆಂದರು, ಕೊಟ್ಟಿದ್ದೇನೆ. ಅದು ಈಗ ನಿಮ್ಮ ಮೇಜಿನ ಮೇಲಿದೆ. ಈ ಸಲ ಅದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ದಿನವೂ ಅಲ್ಲಿ ಹೊಸ ಕಸ ಬೀಳುತ್ತಿದೆ, ದಿನವೂ ಯಂತ್ರ ಓಡಾಡುತ್ತಿದೆ.

ಲೋಟ ಸಿಕ್ಕರೂ ಅದನ್ನು ಎಲ್ಲಿ ಇಡುವುದೆಂದು ಯಾರಿಗೂ ಗೊತ್ತಿಲ್ಲ. ಇದನ್ನು ಮದರ್ ಅವರಿಗೆ ಹೇಳಿದೆ. "ಎಲ್ಲೂ ಇಡೋದು ಬೇಡ," ಎಂದರು. "ಮಡಿಲಲ್ಲಿ ಇಟ್ಕೊಂಡು ಹೇಳ್ತೀನಿ. ಅದೂ ಇಲ್ದೆ ಹೋದ್ರೆ ನನ್ನಿಂದ ಆಗಲ್ಲ ಮಗಾ." ಆಮೇಲೆ, "ಪಾಪ, ಯಾರು ಬರೆದು ಕಳಿಸಿದ್ರೋ ಏನೋ, ಗಾಜು ಕಸ ಅಂತ. ನಮ್ಮ ಪದ್ಧತಿ ಗೊತ್ತಿಲ್ದೋರು ಇರ್ಬೇಕು," ಎಂದರು. ನಾನು ತಲೆ ತಗ್ಗಿಸಿ ಅಲಸಂದೆ ಕಾಳು ಆರಿಸಿದೆ.

ಅವರ ಕಣ್ಣು ಈಗ ಮಂಜು. ಪ್ರತಿ ಭಾನುವಾರ ಚರ್ಚು ಮುಗಿದ ಮೇಲೆ ಜಗಲಿಯಲ್ಲಿ ಕೂತು ಅವರಿಗೆ ಈ ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳುವವಳು ನಾನೇ. ಈ ಭಾನುವಾರ ಇದನ್ನೂ ಓದಬೇಕು. ಅಷ್ಟರೊಳಗೆ ಗೇಟಿನ ಬಗ್ಗೆ ನಿಮ್ಮ ಉತ್ತರ ಬಂದರೆ ಅದನ್ನೂ ಜೊತೆಗೆ ಓದುತ್ತೇನೆ. ಬಾರದಿದ್ದರೆ ಇದೊಂದನ್ನೇ ಓದುತ್ತೇನೆ.

ಇಂತಿ,
ನೀವು ಓದುವುದಿಲ್ಲವೆಂದು ನಂಬಿ ಕೆಟ್ಟವಳು, ಈ ಸಲವಾದರೂ ಓದಿ ಎಂದು ಕೇಳುವವಳು,
ಒರೀತಾ ಟಾಲಿವರ್
ಚರಿತ್ರೆಯ ಶಿಕ್ಷಕಿ