ಏಳನೆಯ ಅಧ್ಯಾಯದ ಅಕ್ಕ

ಭಾನುವಾರ, ಮಾರ್ಚ್ ೧೪

ಪ್ರೀತಿಯ ಪುಟ್ಟಿ,

ನಿನ್ನ ಆಮಂತ್ರಣ ಮನೆಗೆ ಬಂತು. ಕಾದಂಬರಿ ಬಿಡುಗಡೆಯ ದಿನ ಅಕ್ಕ ವೇದಿಕೆಯ ಮೇಲೆ ಕೂರಲೇಬೇಕು ಅಂತ ಬರೆದಿದ್ದೀಯ. ನಾನು ಬರುವುದಿಲ್ಲ. ಯಾಕೆ ಅಂತ ಫೋನಿನಲ್ಲಿ ಹೇಳಹೊರಟರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಈ ಕಾಗದ.

ನಿನ್ನ ಪುಸ್ತಕ ಅಚ್ಚಾಗುತ್ತಿರುವುದು ನಾನು ಕರಡು ತಿದ್ದುವ ಪ್ರೆಸ್ಸಿನಲ್ಲೇ. ನಿನಗೆ ಗೊತ್ತಿರಲಿಕ್ಕಿಲ್ಲ. ನಾನು ಎಲ್ಲಿ ಕೆಲಸ ಮಾಡುತ್ತೇನೆಂದು ನೀನು ಕೇಳಿ ಆರು ವರ್ಷವಾಯಿತು. ಹೋದ ಸೋಮವಾರ ಯಜಮಾನರು ಅದರ ಕರಡಿನ ಕಟ್ಟನ್ನು ನನ್ನ ಮೇಜಿನ ಮೇಲಿಟ್ಟು, ಕಾಗುಣಿತ ನೋಡಮ್ಮ, ಕಥೆಯೊಳಗೆ ಬೀಳಬೇಡ, ಅಂದರು. ಬೀಳದೆ ಇರುವುದು ಹೇಗೆ? ಅದು ನಮ್ಮ ಮನೆಯದೇ ಕಥೆ.

ಏಳನೆಯ ಅಧ್ಯಾಯದಲ್ಲಿ ನಾನಿದ್ದೇನೆ. ಹಾಸಿಗೆ ಹಿಡಿದ ಅಮ್ಮ, ಕಾಲೇಜಿಗೆ ಹೋದ ತಂಗಿ, ಕಿಟಕಿಯ ಪಕ್ಕ ಓದುತ್ತ ಕುಳಿತ ಅಕ್ಕ. ಅಮ್ಮ ನೀರಿಗೆ ಕರೆಯುತ್ತಾಳೆ. ಪುಸ್ತಕದಲ್ಲಿ ಮುಳುಗಿದ ಅಕ್ಕನಿಗೆ ಕೇಳಿಸುವುದಿಲ್ಲ. ಅಮ್ಮ ತಾನೇ ಏಳಹೋಗಿ ಬೀಳುತ್ತಾಳೆ, ಸೊಂಟ ಮುರಿಯುತ್ತದೆ, ಇಪ್ಪತ್ತು ದಿನಕ್ಕೆ ಹೋಗಿಬಿಡುತ್ತಾಳೆ. ಅವಳಂಥ ಓದುಗರು ಈಗ ಹುಟ್ಟುವುದಿಲ್ಲ ಅಂತ ಕೊನೆಗೊಂದು ಸಾಲು ಬೇರೆ. ನಮ್ಮ ಡಿಟಿಪಿ ಮಾಡುವವಳು ಅದನ್ನೋದಿ ಕಣ್ಣೊರೆಸಿಕೊಂಡಳು. ಎಂಥ ಹುಚ್ಚು ಓದು ಅಲ್ವಾ ಅಕ್ಕಾ, ಅಂದಳು. ಅದೇ ಸಾಲಿನಲ್ಲಿ ಬಿಟ್ಟುಹೋಗಿದ್ದ ಒಂದು ಒತ್ತಕ್ಷರವನ್ನು ಅವಳಿಗೆ ತೋರಿಸಿದೆ.

ಹುಚ್ಚೇನೂ ಅಲ್ಲ. ಹತ್ತನೆಯ ಕ್ಲಾಸಿಗೇ ಅಪ್ಪ ನನ್ನ ಓದು ಬಿಡಿಸಿದರು, ಅಮ್ಮನನ್ನು ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಯಾರು ಅನ್ನುವ ಮಾತೇ ಏಳಲಿಲ್ಲ. ನೀನು ಚುರುಕು, ನಾನು ದೊಡ್ಡವಳು. ನೀನು ಲೈಬ್ರರಿಯಿಂದ ತಂದ ಪುಸ್ತಕ ವಾಪಸು ಹೋಗುವ ಮುಂಚೆ ನನಗೆ ಒಂದು ಹಗಲು ಸಿಗುತ್ತಿತ್ತು. ಅಮ್ಮನಿಗೆ ಸ್ನಾನ ಮಾಡಿಸಿ, ಬಟ್ಟೆ ಒಗೆದು, ಮಾತ್ರೆ ನುಂಗಿಸಿ, ಉಳಿದ ಚೂರುಪಾರು ಹೊತ್ತಿನಲ್ಲಿ ಓದುತ್ತಿದ್ದೆ. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅಷ್ಟೇ. ಆ ದಿನ ಹನ್ನೊಂದು ಪುಟ ಬಾಕಿ ಇತ್ತು.

ಹೊಗಳುವ ನೆಪದಲ್ಲಿ ನೀನು ನನ್ನನ್ನು ಕಟಕಟೆಯಲ್ಲಿ ನಿಲ್ಲಿಸಿದ್ದೀಯ. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲ, ಅಕ್ಕಾ, ಆ ದಿನ ಏನಾಯಿತು ಅಂತ ಬಾಯಿಬಿಟ್ಟು ಕೇಳಿದ್ದರೆ ಹೇಳುತ್ತಿದ್ದೆನೋ ಏನೋ. ಕೇಳಲಿಲ್ಲ. ನನ್ನ ಮುಖ ನೋಡಿ ನಿನಗೆ ಒಗ್ಗುವ ಅರ್ಥ ಕಟ್ಟಿಕೊಂಡೆ. ನಿನಗೆ ಬರೆಯಲು ಬರುತ್ತದೆ ಪುಟ್ಟಿ, ಒಪ್ಪಿದೆ. ಓದಲು ಬರುವುದಿಲ್ಲ.

ಆ ಅಧ್ಯಾಯ ಕಿತ್ತುಹಾಕು ಅಂತ ನಾನು ಕೇಳುವುದಿಲ್ಲ. ನಲವತ್ಮೂರು ಕಾಗುಣಿತದ ತಪ್ಪು ತಿದ್ದಿ ಕರಡು ಒಪ್ಪಿಸಿದ್ದೇನೆ. ವೇದಿಕೆಯ ಮೇಲೆ ಬೇರೆ ಯಾರನ್ನಾದರೂ ಕೂರಿಸು. ಕೆಮ್ಮು ಹೋಯಿತಾ? ಆರೋಗ್ಯ ನೋಡಿಕೋ.

ನಿನ್ನ
ಅಕ್ಕ

ತಾ.ಕ.: ಅಮ್ಮ ಕರೆದದ್ದು ನನಗೆ ಕೇಳಿಸಿತ್ತು. ಎರಡು ಸಲ. ಮೊದಲ ಸಲ, ಬಂದೆ ಅಂದೆ, ಏಳಲಿಲ್ಲ. ಎರಡನೆಯ ಸಲ ಉತ್ತರವನ್ನೂ ಕೊಡಲಿಲ್ಲ. ಆಸ್ಪತ್ರೆಯಲ್ಲಿ ನಮ್ಮೆಲ್ಲರ ಮುಂದೆ ಅಮ್ಮ, ಪಾಪ, ಅವಳಿಗೆ ಕೇಳಿಸಲಿಲ್ಲ, ಅಂದಳಲ್ಲ, ನೀನು ಬರೆದಿರುವುದು ಆ ಮಾತನ್ನೇ. ಹಾಗೆ ಹೇಳುವಾಗ ಅವಳು ನನ್ನ ಕಡೆ ನೋಡಲಿಲ್ಲ.